ಹುಳುಮನೆಯಲ್ಲಿ ಧ್ಯಾನಕ್ಕೆ ಕೂತಿದ್ದು

ನನ್ನ ಬಾಯಿ ಸರಿ ಇಲ್ಲ. ನಾನು ಹೇಳೋದೇನು, ದಿಬ್ಬೂರಹಳ್ಳಿ ಬಸ್ ಸ್ಟ್ಯಾಂಡಿಂದ ನಮ್ಮನೆ ತನಕ ಯಾರನ್ನ ಕೇಳಿದ್ರೂ ಹೇಳ್ತಾರೆ. ಅದಕ್ಕೇ ಧ್ಯಾನ ಕಲ್ತೆ. ಚಿಕ್ಕಬಳ್ಳಾಪುರದಲ್ಲಿ ಭಂತೇಜಿ, ಅಂದ್ರೆ ಬೌದ್ಧ ಭಿಕ್ಷು, ಒಬ್ರು ಹೇಳ್ಕೊಟ್ರು: "ಬೈಗುಳ ಬಂತಾ? ಉಸಿರು ನೋಡಮ್ಮ. ಬರುತ್ತೆ, ಹೋಗುತ್ತೆ." ನಂದು ಉಸಿರು ಹೋಗುತ್ತೆ ಕಣ್ರೀ, ಬೈಗುಳ ಅಲ್ಲೇ ಕೂತಿರುತ್ತೆ.

ನಮ್ಮದು ಬುದ್ಧನ್ನ ನಂಬೋ ಮನೆ. ಅಂದ್ರೆ ನಾನು, ಯಜಮಾನ್ರು. ಅತ್ತೆ ಮಾತ್ರ ಕೈವಾರದ ಮಠದ ಭಕ್ತರು, ಹುಣ್ಣಿಮೆ ಬಂದ್ರೆ ಅಲ್ಲಿಗೆ ಬಸ್ ಹತ್ತಿಬಿಡ್ತಾರೆ. ಪಂಚಶೀಲದಲ್ಲಿ ಮೊದಲನೇದೇ ಕೊಲ್ಲಬಾರದು ಅಂತ. ನಾವು ಸಾಕೋದು ರೇಷ್ಮೆ ಹುಳು. ಹೆಂಗಮ್ಮ ಅಂತ ಕೇಳ್ಬೇಡಿ. ನಾನು ಸೊಪ್ಪು ಹಾಕೋಳು ಅಷ್ಟೆ. ಗೂಡನ್ನ ಹುಳು ಸಮೇತ ಬೇಯ್ಸೋ ಬಿಸಿನೀರು ಶಿಡ್ಲಘಟ್ಟದಲ್ಲಿ ನೂಲು ತೆಗೆಯೋರ ಮನೇದು. ಇಂಥ ಸಮಾಧಾನ ಹೇಳ್ಕೊಳ್ಳಕ್ಕೆ ಧ್ಯಾನ ಬೇಡ, ತಾನೇ ಬರುತ್ತೆ.

ಹೋದ ತಿಂಗಳು ಹುಳು ನಾಲ್ಕನೇ ಜ್ವರ ಎದ್ದಿದ್ವು. ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ಆಮೇಲೆ ಅವು ತಿನ್ನೋದು ನೋಡ್ಬೇಕು, ಮದುವೆ ಮನೇಲಿ ಕೊನೇ ಪಂಕ್ತಿಗೆ ಕೂತೋರ ಥರ. ಅದೇ ಟೈಮಿಗೆ ನಂಗೂ ಅತ್ತೆಗೂ ಹತ್ಕೊಳ್ತು. ಸಾರಿಗೆ ಹುಳಿ ಜಾಸ್ತಿ ಅಂದ್ರು, ನಾನು ನಾಲಿಗೆ ಜಾಸ್ತಿ ಮಾಡ್ದೆ. ಬ್ಯಾಗು ತುಂಬಿದ್ರು ನೋಡಿ.

"ಇನ್ನೊಂದ್ ಮಾತಾಡು, ಗೌರಿಬಿದನೂರಿಗೆ ಮಗಳ ಮನೆಗೆ ಹೋಗ್ತೀನಿ."

ಅತ್ತೆ ಹೋದ್ರೆ ಬೆಳೆ ಹೋದಂಗೆ. ಯಜಮಾನ್ರು ಇಡೀ ದಿನ ತೋಟದಲ್ಲಿ ಸೊಪ್ಪು ಕೊಯ್ಬೇಕು, ಒಳಗೆ ಹಾಕಕ್ಕೆ ನಾನೊಬ್ಬಳೇ ಸಾಲಲ್ಲ. ಅದೂ ಅಲ್ದೆ ನಂಗೆ ಜಗಳಕ್ಕೆ ಸರಿಜೋಡಿ ಅತ್ತೆ ಒಬ್ರೇ. ಯಜಮಾನ್ರು ಮೊದಲ ಮಾತಿಗೇ ಸೋತ್ಬಿಡ್ತಾರೆ, ಮಜಾನೇ ಇರಲ್ಲ.

ಬಾಯಿ ಕಟ್ಟಬೇಕಲ್ಲ. ಬೆಳಗ್ಗೆ ಸೊಪ್ಪು ಹಾಕಿ, ಹುಳುಮನೆ ಮೂಲೇಲೇ ಕಣ್ಣು ಮುಚ್ಚಿ ಕೂತೆ. ಹುಳು ಮೇಯೋ ಸದ್ದು, ತಗಡಿನ ಮೇಲೆ ಸಣ್ಣ ಹನಿ ಬಿದ್ದಂಗೆ. ಸದ್ದು ಬಂದ್ರೆ ಸದ್ದು ಅಂತ ತಿಳ್ಕೊಂಡು ಬಿಟ್ಬಿಡು ಅಂದಿದ್ರು ಭಂತೇಜಿ. ಬಿಟ್ಟೆ. ಮೆಲ್ಲಗೆ ಕಮ್ಮಿ ಆಯ್ತು. ಆಮೇಲೆ ಪೂರ್ತಿ ನಿಂತೇ ಹೋಯ್ತು. ಆಹಾ, ಎಂಥಾ ನಿಶ್ಶಬ್ದ! ಬುದ್ಧ ಅರಮನೆ ಬಿಟ್ಟು ವರ್ಷಗಟ್ಟಲೆ ಅಲೆದ, ನಾನು ತಿಂಡಿಗೂ ಅಡುಗೆಗೂ ಮಧ್ಯ ಮುಗಿಸ್ಬಿಟ್ನಲ್ಲ ಅಂತ ಒಳಗೊಳಗೇ ಹಿಗ್ಗಿದೆ.

ದಡಾರ್ ಅಂತ ಬಾಗಿಲು. ಅತ್ತೆ. ಸಿಟ್ಟು ಬಂದ್ರೆ ಅವ್ರಿಗೆ ಮೊದಲು ತೆಲುಗೇ ಬರೋದು.

"ಏಮೇ, ನಿದ್ರಾ? ಹುಳ ಮೇಯೋ ಸದ್ದು ನಿಂತಿದ್ದು ಜಗಲೀಲಿ ಕೂತಿರೋ ನಂಗೆ ಗೊತ್ತಾಗ್ತೈತೆ, ಒಳಗಿರೋ ನಿಂಗೆ ಗೊತ್ತಾಗಲ್ವಾ? ಸೊಪ್ಪೆಲ್ಲ ಖಾಲಿ, ಬರೀ ಕಡ್ಡಿ ಉಳಿದೈತೆ!"

ಹುಳುಮನೆ ಸುಮ್ಮನಾದ್ರೆ ಅದು ಶಾಂತಿ ಅಲ್ಲ, ಹಸಿವು. ಇಷ್ಟು ವರ್ಷ ಹುಳ ಸಾಕಿದೋಳು, ನೆಟ್ಟಗೆ ಉಸಿರು ನೋಡಕ್ಕೆ ಹೋಗಿ ಇದನ್ನೇ ಮರ್ತಿದ್ದೆ.

"ಧ್ಯಾನ ಮಾಡ್ತಿದ್ದೆ ಅತ್ತೆ."

"ನಿಮ್ಮ ಬುದ್ಧಂಗೂ ಉಪವಾಸ ಬಿಟ್ಟು ಪಾಯಸ ತಿಂದ್ಮೇಲೇ ಅಲ್ವಾ ಜ್ಞಾನ ಬಂದಿದ್ದು? ನೀನೇ ಹೇಳಿದ್ದು. ಏಳಮ್ಮ ತಾಯಿ, ಇವಕ್ಕೂ ಪಾಯಸ ಹಾಕು!"

ಸರಿಯಾದ ಉತ್ತರ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಒಂದು ಹೊರೆ ಸೊಪ್ಪು ನನ್ನ ತೋಳಿಗೆ ತುರುಕಿ, ತಾವೊಂದು ಎತ್ಕೊಂಡ್ರು. ಹುಳು ಸಾಕೋ ಒಂದು ಸ್ಟ್ಯಾಂಡಿಂದ ಇನ್ನೊಂದು ಸ್ಟ್ಯಾಂಡಿಗೆ ಓಡಿದ್ವಿ, ಅವ್ರು ಆ ಕಡೆ, ನಾನು ಈ ಕಡೆ. ಎಲ್ಲ ಮುಗೀತು, ಸದ್ದು ಮತ್ತೆ ಶುರು ಆಯ್ತು.

"ಗೌರಿಬಿದನೂರು?" ಅಂದೆ.

"ಗೂಡು ಕಟ್ಲಿ, ಆಮೇಲೆ ನೋಡಣ."

ಜಗಳಕ್ಕೆ ಬಾಯಿ ಇದ್ರೆ ಸಾಕು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಸಾಲಲ್ಲ ಕಣ್ರೀ. ಸೊಂಟದ ಮೇಲಿಡಕ್ಕೆ ಒಂದು ಕೈ, ಬೆರಳು ತೋರ್ಸಕ್ಕೆ ಇನ್ನೊಂದು ಬೇಕೇ ಬೇಕು. ಎರಡೂ ಕೈ ತುಂಬ ಸೊಪ್ಪಿದ್ರೆ ಎಂಥೋರೂ ಬುದ್ಧರೇ, ನಮ್ಮತ್ತೆ ಸಮೇತ.