ಹುಳದ ಮನೆಯ ಸ್ವಿಚ್ಚು

ತಾಯಮ್ಮತ್ತೆ, ನಮ್ಮ ರೇಷ್ಮೆ ಹುಳಗಳನ್ನು ಕೊಂದದ್ದು ನಿನ್ನ ಬದನೆ ಗಿಡಕ್ಕೆ ಹೊಡೆಸಿದ ಔಷಧಿಯಲ್ಲ. ಕೊಂದವಳು ನಾನು. ಇದು ನನಗೆ ಇವತ್ತು ಹೊಳೆದದ್ದೂ ಅಲ್ಲ — ಆರು ವರ್ಷದಿಂದ ಗೊತ್ತು. ಗೊತ್ತಿದ್ದೂ ಆ ತಪ್ಪು ನಿನ್ನ ತಲೆಯ ಮೇಲೇ ಇರಲಿ ಎಂದು ಸುಮ್ಮನಿದ್ದೆ. ಬಾಯಲ್ಲಿ ಹೇಳಹೊರಟರೆ ಅರ್ಧ ಹೇಳಿ ನಿಲ್ಲಿಸುವ ಚಾಳಿ ನನ್ನದು. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನನ್ನ ಗುಣ ನಿನಗೆ ಗೊತ್ತು. ಅನುಮಾನದ ಪಿಶಾಚಿ ಎಂದು ಅಪ್ಪನೇ ಬೈಯುತ್ತಿದ್ದರು. ಮಂಡ್ಯದ ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದ ಮೇಲೆ ಆ ಪಿಶಾಚಿಗೆ ಓದಿನ ಬಲವೂ ಸಿಕ್ಕಿತು. ಊರಿಗೆ ಬಂದಾಗಲೆಲ್ಲ ಹುಳದ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರುವವರ ಕೈ ಮೂಸುತ್ತಿದ್ದೆ. ಅಜ್ಜಿಯ ಬಾಯಿಂದ ಹೊಗೆಸೊಪ್ಪು ಉಗುಳಿಸಿದ್ದೆ. ಪೌಡರ್ ಹಾಕಿಕೊಂಡು ಬಂದಳೆಂದು ತಂಗಿಯನ್ನು ಹೊರಗೆ ಅಟ್ಟಿದ್ದೆ. ಹುಳ ಮೇವು ಬಿಟ್ಟು ಹಣ್ಣಾದ ದಿನ ಮನೆಯವರ ಕೈ ಸಾಲದು. ಅವು ಗೂಡು ಕಟ್ಟುವ ಮೊದಲು ಒಂದೊಂದನ್ನೂ ಆರಿಸಿ ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡಬೇಕು. ನೀನು ಮುಯ್ಯಾಳಾಗಿ ಬರುತ್ತಿದ್ದೆ — ಇವತ್ತು ನೀನು ನಮ್ಮ ಹುಳಕ್ಕೆ, ನಾಳೆ ನಾವು ನಿನ್ನ ತೋಟದ ಕಳೆಗೆ. ಅಪ್ಪನ ಸ್ವಂತ ಚಿಕ್ಕಪ್ಪನ ಮಗಳು ನೀನು, ನಮ್ಮ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ನಿನ್ನ ಬದನೆ ತೋಟ. ಆದರೂ ಬಾಗಿಲಲ್ಲಿ ನಿಲ್ಲಿಸಿ ನಿನ್ನ ಕೈಯನ್ನು ಎರಡೆರಡು ಸಲ ತೊಳೆಸುತ್ತಿದ್ದೆ. ನೀನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

"ಬಾಣ್ತಿ ಮನೆಗೂ ಇಷ್ಟು ಮಡಿ ಇಲ್ಲ ಕಣವ್ವ," ಎಂದು ನಗುತ್ತಿದ್ದೆ.

ಆ ವರ್ಷ ನಾನು ಸೆಕೆಯ ಮೇಲೆ ಕೆಲಸ ಮಾಡುತ್ತಿದ್ದೆ. ಬಿಸಿಲು ಏರಿದಾಗ ಹುಳದ ಮೈಯಲ್ಲಿ ಏನಾಗುತ್ತದೆ, ಅದು ತಿನ್ನುವ ಎಲೆಯಲ್ಲಿ ಏನಾಗುತ್ತದೆ — ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಪ್ರತಿ ಜೀವದಲ್ಲೂ ಸಾವಿರಾರು ಜೀನುಗಳಿವೆ ಅತ್ತೆ, ಎಲ್ಲವೂ ಎಲ್ಲ ಹೊತ್ತೂ ಕೆಲಸ ಮಾಡುವುದಿಲ್ಲ. ಸೆಕೆಯಾದರೆ ಕೆಲವು ಏಳುತ್ತವೆ, ವಿಷ ಹೊಕ್ಕರೆ ಬೇರೆ ಕೆಲವು. ಯಾವುದು ಎದ್ದಿದೆ, ಎಷ್ಟು ಜೋರಾಗಿ ಎದ್ದಿದೆ ಎಂದು ಅಳೆಯುವುದಕ್ಕೆ ಜೀನ್ ಅಭಿವ್ಯಕ್ತಿಯ ಪರೀಕ್ಷೆ ಎನ್ನುತ್ತೇವೆ. ಸೆಕೆಗೆ ಎಲೆಯಲ್ಲೂ ಹುಳದಲ್ಲೂ ನಮ್ಮ ನಿಮ್ಮ ಮೈಯಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಜೀನುಗಳು ಏಳುತ್ತವೆ ಎಂದು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಹುಳ ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗಬಗಬನೆ ಮೇಯುತ್ತಿದ್ದ ದಿನಗಳು. ಹುಳದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸ್ಯಾಂಪಲ್ ಕಟ್ಟುತ್ತಿದ್ದೆ. ಸೊಳ್ಳೆ ಮುತ್ತುತ್ತಿದ್ದವು. ಮಂಡ್ಯದ ಗುತ್ತಲಿನ ನನ್ನ ಬಾಡಿಗೆ ರೂಮಿನಿಂದ ತಂದಿದ್ದ ಸೊಳ್ಳೆ ಮಿಷನ್ನು ಬ್ಯಾಗಿನಲ್ಲಿತ್ತು — ಕರೆಂಟಿಗೆ ಚುಚ್ಚಿದರೆ ಔಷಧಿ ಆವಿಯಾಗುವಂಥದ್ದು. ಹುಳದ ಮನೆಯ ಹತ್ತಿರ ಅದು ಸುಳಿಯಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ. ಒಂದು ಗಳಿಗೆ ತಾನೇ ಎಂದು ಬಾಗಿಲ ಹಿಂದಿನ ಪ್ಲಗ್ಗಿಗೆ ಚುಚ್ಚಿ ಸ್ವಿಚ್ ಒತ್ತಿದೆ. ಅದರ ಕೆಂಪು ದೀಪ ಉರಿಯಲಿಲ್ಲ. ಕರೆಂಟು ಹೋಗಿತ್ತು. ಸ್ವಲ್ಪ ಹೊತ್ತು ಕಾದು, ಬೈದುಕೊಂಡು, ಸ್ಯಾಂಪಲ್ಲಿನ ಡಬ್ಬ ಎತ್ತಿಕೊಂಡು ಮಳವಳ್ಳಿ ಬಸ್ಸಿಗೆ ಓಡಿದೆ. ಸ್ವಿಚ್ಚು ಹಾಗೇ ಉಳಿಯಿತು.

ಆಮೇಲೆ ಕರೆಂಟು ಬಂತು.

ಆ ಬಾಗಿಲು ತೆರೆದಿದ್ದರೆ ಪ್ಲಗ್ಗು ಅದರ ಹಿಂದೆ ಮರೆಯಾಗುತ್ತದೆ. ಸೊಪ್ಪು ಹಾಕಲು ಬಂದ ಅಪ್ಪನಿಗೆ ಕಾಣಲಿಲ್ಲ. ಕೋಣೆಗೂ ಹುಳಕ್ಕೂ ನಡುವೆ ಇದ್ದದ್ದು ಊಜಿ ನೊಣ ತಡೆಯುವ ಜಾಲರಿ ಬಾಗಿಲು ಮಾತ್ರ. ಮಾರನೆಯ ಬೆಳಿಗ್ಗೆ ನಾನು ಬಂದಾಗ ಅಂಗಳದಲ್ಲಿ ಜನ ಸೇರಿದ್ದರು. ನಾನು ಹುಳ ನೋಡಲು ಹೋಗಲಿಲ್ಲ ಅತ್ತೆ. ಮೊದಲು ಬಾಗಿಲ ಹಿಂದೆ ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು. ಕಿತ್ತು ಬ್ಯಾಗಿಗೆ ಹಾಕಿಕೊಂಡೆ, ಆಮೇಲೆ ಒಳಗೆ ಹೋದೆ. ತಟ್ಟೆ ತಟ್ಟೆಯಲ್ಲೂ ಹುಳಗಳು ತಲೆ ಎತ್ತಿ ಆಡಿಸುತ್ತಿದ್ದವು, ಹಸಿರು ಕಕ್ಕುತ್ತಿದ್ದವು.

"ಯಾರ್ದೋ ಕಣ್ ಬಿದ್ದದೆ ಕಣ್ಲಾ," ಎಂದು ಅಜ್ಜಿ ಅಪ್ಪನಿಗೆ ಹೇಳುತ್ತಿದ್ದಳು.

ಅಪ್ಪ ಕಣ್ಣಿನ ಮಾತು ನಂಬುವವರಲ್ಲ. "ಕಣ್ಣೂ ಇಲ್ಲ, ಮಣ್ಣೂ ಇಲ್ಲ. ನೆನ್ನೆ ತಾಯಮ್ಮ ಬದ್ನೆಗೆ ಔಸ್ದಿ ಒಡ್ಸವ್ಳೆ. ಸೊಪ್ಪಿನ ಮ್ಯಾಲೆ ಬಿದ್ದದೆ," ಎಂದರು.

ಆಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸ್ಯಾಂಪಲ್ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿ ಹೇಳುತ್ತೇನೆ ಎಂದೆ — ಎಷ್ಟು ಗಂಭೀರವಾಗಿ ಎಂದೆ! ಬ್ಯಾಗಿನ ಜಿಪ್ಪಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ. ಉಸಿರಿದ್ದ ಕೆಲವು ಹುಳ, ಅವು ತಿಂದು ಬಿಟ್ಟ ಸೊಪ್ಪು, ತೋಟದಿಂದ ಒಂದು ಹೊರೆ ಹೊಸ ಸೊಪ್ಪು, ಎಲ್ಲ ಕಟ್ಟಿಸಿಕೊಂಡೆ.

ಹೊರಡುವಾಗ ನೀನು ದಾರಿಗೆ ಅಡ್ಡ ಬಂದೆ. ಅತ್ತು ಮುಖ ಊದಿತ್ತು. ಅಂದು ನೀನು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ಸವಿತಾ, ಊರೋರ್ ಬಾಯ್ ಬುಡು. ನೀ ಓದಿರೋಳು, ನಿನ್ ಮಿಸಿನ್ನು ಸುಳ್ ಯೋಳಾಕಿಲ್ಲ. ಅದೇನ್ ಯೋಳ್ತದೋ ನೋಡ್ಕಂಡ್ ಬಾ. ನಂದೇ ತಪ್ಪು ಅಂದ್ರೆ ಒಪ್ಕತೀನಿ."

ಇಷ್ಟು ನಂಬಿಕೆ ಯಾಕೆ ಇಟ್ಟೆ ಅತ್ತೆ? ನೀನು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಮದ್ದೂರು ದಾಟುವವರೆಗೂ ಬಸ್ಸಿನಲ್ಲಿ ನಿನ್ನ ಮೇಲೇ ಅನುಮಾನ ಕಟ್ಟುತ್ತಾ ಕೂತೆ. ಇವಳಿಗೆ ಗೊತ್ತಿರಬಹುದೇ? ಬಾಗಿಲ ಹಿಂದಿನ ದೀಪ ನೋಡಿ, ನನ್ನನ್ನು ಪರೀಕ್ಷಿಸುತ್ತಿರಬಹುದೇ? ತಂಗಿ ಬೆಳಿಗ್ಗೆ ನನ್ನ ಬ್ಯಾಗಿನ ಕಡೆ ಯಾಕೆ ಅಷ್ಟು ಹೊತ್ತು ನೋಡಿದಳು? ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ.

ಲ್ಯಾಬಿನಲ್ಲಿ ನಾನು ಪರೀಕ್ಷೆ ಮಾಡಿದ್ದು ಸತ್ಯಕ್ಕಾಗಿ ಅಲ್ಲ. ನೀನೇ ತಪ್ಪಿತಸ್ಥಳಾಗಿರಲಿ ಎಂದು ಬೇಡಿಕೊಂಡು ಮಾಡಿದೆ. ಸಾಯುತ್ತಿದ್ದ ಹುಳಗಳಲ್ಲಿ ವಿಷ ಕಳೆಯುವ ಜೀನುಗಳು ಜೋರಾಗಿ ಎದ್ದಿದ್ದವು. ಅದು ಸರಿ. ಆದರೆ ಬದನೆಗೆ ಹೊಡೆಯುವ ಆ ಔಷಧಿಯೂ ಸೊಳ್ಳೆ ಮಿಷನ್ನಿನ ಔಷಧಿಯೂ ಹತ್ತಿರದ ನೆಂಟರು; ಹುಳದ ಜೀನು ನೋಡಿ ಯಾವುದೆಂದು ಹೇಳಲಾಗುವುದಿಲ್ಲ. ಎಲೆ ಹೇಳಬಹುದಿತ್ತು. ಎಲೆಯ ಮೇಲೆ ಔಷಧಿ ಬಿದ್ದಿದ್ದರೆ ಎಲೆಯ ಒಳಗೂ ಏನಾದರೂ ಏಳಬೇಕಿತ್ತು. ಏನೂ ಎದ್ದಿರಲಿಲ್ಲ. ನಂಬದೆ ಮತ್ತೊಮ್ಮೆ ಮಾಡಿದೆ. ತೋಟದಿಂದ ತಂದಿದ್ದ ಸೊಪ್ಪನ್ನು ಲ್ಯಾಬಿನ ಹುಳಗಳಿಗೆ ಹಾಕಿದೆ — ಅವು ಚೆನ್ನಾಗಿ ಮೇಯ್ದು ಗೂಡು ಕಟ್ಟಿದವು. ಕೊನೆಗೆ ಒಂದು ಪೆಟ್ಟಿಗೆಯಲ್ಲಿ ನಾಲ್ಕಾರು ಹುಳ ಬಿಟ್ಟು, ಪಕ್ಕದಲ್ಲಿ ಆ ಮಿಷನ್ನು ಚುಚ್ಚಿದೆ. ಅವು ತಲೆ ಎತ್ತಿ ಆಡಿಸಲು ಶುರುಮಾಡಿದಾಗ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿಬಿಟ್ಟೆ.

ಊರಿಗೆ ಬಂದೆ. ಜಗಲಿಯ ಮೇಲೆ ಅಪ್ಪ, ಅಜ್ಜಿ, ಅಕ್ಕಪಕ್ಕದವರು. ನೀನು ಅಂಗಳದಾಚೆ, ಹುಳಕ್ಕೆ ರೋಗ ದಾಟದಿರಲೆಂದು ಎಳೆದಿದ್ದ ಸುಣ್ಣದ ಗೆರೆಯ ಹೊರಗೆ ನಿಂತಿದ್ದೆ. ಅಪ್ಪ ಏನಾಯಿತು ಎಂದು ಕೇಳಿದರು.

"ಔಷಧಿನೇ ಕಣಪ್ಪ," ಎಂದೆ.

ಅಷ್ಟೇ. ನಿನ್ನ ಹೆಸರು ಎತ್ತಲಿಲ್ಲ. ಸುಳ್ಳನ್ನೂ ಹೇಳಲಿಲ್ಲ ನೋಡು — ಎಷ್ಟು ಜಾಣೆ ನಾನು! ಯಾರ ಔಷಧಿ ಎಂದು ಯಾರೂ ಕೇಳಲಿಲ್ಲ, ಕೇಳಲಿ ಎಂದು ನಾನು ಕಾಯಲೂ ಇಲ್ಲ. ನೀನು ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದೆ. ಕಣ್ಣು ಬಿತ್ತು ಎಂದ ಅಜ್ಜಿಯನ್ನು ನೋಡಿ ನಾನು ನಕ್ಕಿದ್ದೆ. ಅವಳು ಯಾರ ಕಣ್ಣೆಂದು ಹೇಳಿರಲಿಲ್ಲ, ಯಾರ ಮನೆಯನ್ನೂ ಕೆಡಿಸಿರಲಿಲ್ಲ.

ಅವತ್ತಿನಿಂದ ಯಾವ ಹುಳದ ಮನೆಯವರೂ ನಿನ್ನನ್ನು ಮುಯ್ಯಾಳಿಗೆ ಕರೆಯಲಿಲ್ಲ. ನಿನ್ನ ತೋಟದ ಕಳೆಗೂ ಯಾರೂ ಬರಲಿಲ್ಲ. ಹಣ್ಣು ಹುಳದ ದಿನ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಹಾಡಿಕೊಂಡು, ಕಾಲೆಳೆದುಕೊಂಡು ಕೆಲಸ ಮಾಡುವಾಗ ನೀನು ನಿನ್ನ ಬದುವಿನ ಮೇಲೆ ಒಬ್ಬಳೇ ಕೂತಿರುತ್ತಿದ್ದೆ. ಒಂದು ವರ್ಷಕ್ಕೆ ಬದನೆಯನ್ನೇ ಕಿತ್ತು ರಾಗಿ ಹಾಕಿದೆ. ನಾನು ಪ್ರಬಂಧದಲ್ಲಿ ಪಕ್ಕದ ಹೊಲದ ಸಿಂಪಡಣೆ ಎಂದು ಬರೆದೆ, ಎಲೆಯ ಫಲಿತಾಂಶ ಬಿಟ್ಟೆ, ಪದವಿ ಪಡೆದೆ, ಕೆಲಸಕ್ಕೂ ಸೇರಿದೆ. ಯಾರಾದರೂ ನನ್ನ ಬೆನ್ನ ಹಿಂದೆ ನಕ್ಕರೆ, ಗೊತ್ತಾಯಿತೇನೋ ಎಂದು ತಿರುಗಿ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಹೋದ ತಿಂಗಳು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದೆಯಲ್ಲ. ಬೆಳಕವಾಡಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆ ನೀನು, ತೊಡೆಯ ಮೇಲೆ ಮೊಮ್ಮಗಳು. ನಾನು ಕಾಣದವಳ ಹಾಗೆ ದಾಟಿಹೋಗುವವಳಿದ್ದೆ. ನೀನೇ ಕರೆದೆ.

"ಸೊಳ್ಳೆ ಜಾಸ್ತಿ ಕಣವ್ವ ಈಗ," ಎಂದೆ ನೀನು.

ಗೊತ್ತಾಗಿದೆ — ಗೊತ್ತಿದ್ದೇ ಚುಚ್ಚುತ್ತಿದ್ದಾಳೆ ಎಂದುಕೊಂಡೆ. ನಿನ್ನ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ಹುಡುಕಿದೆ. ನೀನು ಮಗುವಿನ ಕಾಲಿನ ಗಂದೆಗಳನ್ನು ತೋರಿಸಿದೆ.

"ಮಂಡ್ಯದಿಂದ ಬರ್ತಾ ಒಂದ್ ಸೊಳ್ಳೆ ಮಿಸಿನ್ ತಂದ್ಕೊಡು," ಎಂದೆ. ನಾನು ಹೂಂ ಎನ್ನುವಷ್ಟರಲ್ಲಿ ನೀನೇ ತಲೆ ಆಡಿಸಿದೆ. "ಬ್ಯಾಡ ಬುಡು. ಪಕ್ಕದಲ್ಲೇ ನಿಮ್ ಉಳ ಅವೆ. ಒಂದ್ಸಲ ನನ್ ಕೈಲಿ ಸತ್ತಿದ್ದೇ ಸಾಕು."

ಬಸ್ಸು ಬಂತು, ನೀನು ಹತ್ತಿದೆ. ನಾನು ಅಲ್ಲೇ ನಿಂತಿದ್ದೆ. ಊರು ನಿನ್ನ ಮೇಲೆ ಅನುಮಾನ ಪಟ್ಟಿದೆ ಎಂದಷ್ಟೇ ನಾನು ತಿಳಿದಿದ್ದೆ. ನೀನೂ ಒಪ್ಪಿಕೊಂಡಿದ್ದೀಯ ಎಂದು — ಆರು ವರ್ಷ ನಿನ್ನ ಕೈಯನ್ನೇ ನೀನು ನಂಬದೆ ಬದುಕಿದ್ದೀಯ ಎಂದು — ನನಗೆ ಹೊಳೆದೇ ಇರಲಿಲ್ಲ. ನನ್ನ ಮಾತಿಗೆ ನೀನು ಮಗುವನ್ನು ಸೊಳ್ಳೆಗೆ ಒಡ್ಡಿದ್ದೀಯ.

ಕೈ ಬಿಟ್ಟಿದ್ದ ಎಲೆಯ ಫಲಿತಾಂಶವನ್ನು ನಿನ್ನೆ, ಪ್ರಬಂಧ ಬರೆಸಿದ ನನ್ನ ಗೈಡಿನ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಅವರು ಏನು ಮಾಡುತ್ತಾರೋ ಮಾಡಲಿ. ಭಾನುವಾರ ಹುಳ ಹಣ್ಣಾಗುತ್ತದೆ ಎಂದು ಅಪ್ಪ ಫೋನ್ ಮಾಡಿದ್ದಾರೆ, ಮುಯ್ಯಾಳುಗಳೆಲ್ಲ ಸೇರಿರುತ್ತಾರೆ. ನಾನು ಮೊದಲು ನಿನ್ನ ಮನೆ ಬಾಗಿಲಿಗೆ ಬರುತ್ತೇನೆ, ಆಮೇಲೆ ಅವರೆಲ್ಲರ ಎದುರಿಗೆ. ಆ ಮಿಷನ್ನು ಇನ್ನೂ ನನ್ನ ಹತ್ತಿರವೇ ಇದೆ. ಔಷಧಿಯ ಬಾಟಲಿ ತೆಗೆದು ತರುತ್ತೇನೆ, ಬ್ಯಾಗಿನಲ್ಲಲ್ಲ, ಕೈಯಲ್ಲಿ ಹಿಡಿದುಕೊಂಡು. ಅದನ್ನು ಎಲ್ಲಿ ಚುಚ್ಚಿದ್ದೆ, ಯಾವಾಗ ಕಿತ್ತೆ ಎಂದು ಹೇಳುತ್ತೇನೆ. ಕೇಳಿದ ಮೇಲೆ ನೀನು ಒಳಗೆ ಹೋಗಿ ಹುಳ ಆರಿಸುತ್ತೀಯೋ, ನಮ್ಮ ಮನೆಯ ಕಡೆ ತಿರುಗಿಯೂ ನೋಡದೆ ಹೋಗುತ್ತೀಯೋ, ಅದು ನಿನಗೆ ಬಿಟ್ಟದ್ದು. ಸುಣ್ಣದ ಗೆರೆಯ ಹೊರಗೆ, ಅವತ್ತು ನೀನು ನಿಂತಿದ್ದ ಕಡೆ ನಾನು ನಿಂತಿರುತ್ತೇನೆ.