ಬಸ್ಸಿನಲ್ಲಿ ಇಬ್ಬರು ರಾಯಭಾರಿಗಳು

ಕೇಳ್ರಪ್ಪಾ, ಸೇಲಂನಲ್ಲಿ ಬಿ.ಕಾಂ. ಓದೋ ನಮ್ಮಕ್ಕನ ಮಗಳು ನಂದಿನಿ ಈಗ ಯಾರೂ ಹೆಸರೇ ಕೇಳದ ಫೇಸ್‌ವಾಶ್ ಒಂದಕ್ಕೆ ಕ್ಯಾಂಪಸ್ ಅಂಬಾಸಿಡರ್, ಅಂದ್ರೆ ಕಾಲೇಜಲ್ಲಿ ಅದರ ಪ್ರಚಾರ ಮಾಡೋ ರಾಯಭಾರಿ. ಇವತ್ತು ಕೊಳತ್ತೂರು ಬಸ್ಸಲ್ಲಿ, ನನ್ನ ಮುಂದಿನ ಸೀಟಲ್ಲೇ, ಗೆಳತಿ ಕವಿತಾಳ ಕೈಗೆ ಟ್ಯೂಬ್ ತುರುಕಿದಳು.

"ಆಕ್ಕೊಳ್ಳೇ, ಮುಖ ಪಳಪಳ ಅಂತೈತೆ."

"ಭಾನುವಾರ ನನ್ನ ನಿಶ್ಚಿತಾರ್ಥ ಐತೆ. ನೀನು ಆಕ್ಕೊಂಡು ನೋಡಿದ್ಯಾ?"

"ನೋಡ್ದೆ. ಮುಖ ಉರಿತೈತೆ. ಅದಕ್ಕೇ ನಾನು ಅಂಬಾಸಿಡರ್ ಮಾತ್ರ."

ಕವಿತಾ ಸಿಟ್ಟಾಗಲಿಲ್ಲ. ಟ್ಯೂಬ್ ವಾಪಸ್ ಕೊಟ್ಟು, ತನ್ನ ಬ್ಯಾಗಿಂದ ಒಂದು ತಲೆ ಎಣ್ಣೆ ಬಾಟ್ಲಿ ತೆಗೆದಳು.

"ನಾನು ಇದಕ್ಕೆ ಅಂಬಾಸಿಡರ್. ತಗೋ."

"ಕೂದ್ಲು ಬೆಳಿತೈತಾ?"

"ತೆರಿಯಾದು, ಯಾರಿಗ್ ಗೊತ್ತು. ನಾನು ಕೊಬ್ಬರಿ ಎಣ್ಣೆನೇ ಆಕ್ಕೊಳ್ಳೋದು."

ಇಬ್ಬರೂ ಬಾಟ್ಲಿ, ಟ್ಯೂಬ್ ಹಿಡಿದು ನಗುತ್ತಾ ಸೆಲ್ಫಿ ತೆಗೆದರು. 'ನಾವು ನಂಬಿರೋ ಬ್ರ್ಯಾಂಡ್' ಅಂತ ಪೋಸ್ಟೂ ಹಾಕಿದರು.

ರಾಯಭಾರ ಅಂದ್ರೆ ಇದಪ್ಪಾ. ಜಗಳಾನೂ ಇಲ್ಲ, ವ್ಯಾಪಾರಾನೂ ಇಲ್ಲ.