ಮೊದಲ ರೊಟ್ಟಿ, ಆಮೇಲೆ ಗುಳಿಗೆ

ಬೆಳಗಿನ ರೊಟ್ಟಿ ಬಡಿದು ಮುಗಿಸಿ ಏಳಲು ಹೋದೆ. ಏಳಲಾಗಲಿಲ್ಲ.

ಗೋಡೆ ಹಿಡಿದೆ. ಬಲ ಮೊಣಕಾಲು ಜಗ್ಗಲಿಲ್ಲ. ಹಿಟ್ಟು ನಾದುವ ಪರಾತದ ಮುಂದೆ ಮತ್ತೆ ಕುಸಿದು ಕೂತೆ. ಹಿಟ್ಟಿನ ಕೈಯಲ್ಲೇ ಮೊಣಕಾಲಿಗೆ ಒಂದು ಬಾರಿಸಿ, "ಏಳ ಮೂಳಾ" ಎಂದು ಬೈದೆ. ಅದು ಬೈಗುಳಕ್ಕೂ ಬಗ್ಗಲಿಲ್ಲ.

ಮುಂಬೈನ ಅಂಧೇರಿಯ ನಮ್ಮ ಚಾಳಿನಲ್ಲಿ ನನ್ನನ್ನು ರೊಟ್ಟಿ ಶಾರದಕ್ಕ ಎನ್ನುತ್ತಾರೆ. ವಿಜಯಪುರದ ಕಡೆಯವಳು. ಗಂಡ ಬಿಲ್ಡಿಂಗ್ ಕೆಲಸಕ್ಕೆ ಬಂದವರು, ಅವರ ಬೆನ್ನಿಗೆ ನಾನು ಬಂದೆ. ಅವರು ತೀರಿಹೋದರು, ನನ್ನ ಒಲೆ ಉಳಿಯಿತು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಸೈಟಿಗೆ ಹೋಗುವ ನಮ್ಮ ಕಡೆಯ ಹುಡುಗರು ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಾರೆ. ಇದೇ ರೊಟ್ಟಿಯಿಂದ ಮಗಳು ವಿದ್ಯಾ ಓದಿದಳು. ಈಗ ಸಾಂತಾಕ್ರೂಜಿನ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿ ಕೂರುತ್ತಾಳೆ.

ಗಲ್ಲಿಯ ಡಾಕ್ಟರು ಎಕ್ಸ್‌ರೇ ನೋಡಿ ಆರ್ಥ್ರೈಟಿಸ್, ಮಂಡಿ ಸವೆದಿದೆ ಎಂದರು. ಊದಿದ್ದು ಇಳಿಯಲೆಂದು ಒಂದು ಪೇನ್‌ಕಿಲ್ಲರ್ ಬರೆದರು. ಕೆಲವೇ ದಿನ, ಊಟದ ಮೇಲೆ, ಎಂದೂ ಹೇಳಿದರು. ಗುಳಿಗೆ ಎನ್ನುವುದು ನನ್ನ ಕಿವಿಗೆ ಬಿತ್ತು, ಉಳಿದದ್ದು ಬೀಳಲಿಲ್ಲ. ನುಂಗಿದ ಮರುದಿನವೇ ಎದ್ದು ಓಡಾಡಿದೆ. ಇಷ್ಟು ಒಳ್ಳೆಯ ಗುಳಿಗೆಯನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ಚೀಟಿ ಹಳೆಯದಾದ ಮೇಲೂ ಮೆಡಿಕಲ್‌ನಿಂದ ತರುತ್ತಲೇ ಇದ್ದೆ. ಪಕ್ಕದ ಖೋಲಿಯ ಪಾರ್ವತಕ್ಕ ತನ್ನ ಸೊಂಟದ ಗುಳಿಗೆಯನ್ನೂ ಕೊಟ್ಟಳು. ಅದರ ಹೆಸರು ಬೇರೆ, ಬಣ್ಣ ಬೇರೆ. ಮೊಣಕಾಲಿಗೆ ಒಂದು, ಸೊಂಟಕ್ಕೆ ಒಂದು ಎಂದು ಎರಡನ್ನೂ ನುಂಗಿದೆ.

ಊಟದ ಮೇಲೆ ಎಂದರೆ ಯಾವ ಊಟ? ನಮ್ಮ ಮನೆತನದಲ್ಲಿ ರೊಟ್ಟಿ ಬಡಿಯುವವಳು ಎಲ್ಲರದೂ ಆದ ಮೇಲೆ ಉಣ್ಣಬೇಕು. ಅತ್ತೆ ಹಾಗೆ ಉಂಡರು, ನಾನೂ ಹಾಗೇ ಉಂಡೆ. ಗುಳಿಗೆ ಇಲ್ಲದೆ ಕೂರಲಾಗದು, ಕೂತು ಬಡಿಯದೆ ಊಟವಿಲ್ಲ. ಹಾಗಾಗಿ ಬೆಳಗ್ಗೆ ಚಹಾದ ಜೊತೆ ಗುಳಿಗೆ, ಮಧ್ಯಾಹ್ನ ಹೊತ್ತು ಇಳಿದ ಮೇಲೆ ಊಟ. ಏಕಾದಶಿಗೆ ಅದೂ ಇಲ್ಲ. ಮುಂಬೈ ಮಂದಿಯ ಹಾಗೆ ಸಾಬೂದಾಣಿ ಖಿಚಡಿ ತಿಂದು ಉಪವಾಸ ಎನ್ನುವವಳು ನಾನಲ್ಲ. ಒಂದು ಕಾಳೂ ಬಾಯಿಗೆ ಹಾಕುತ್ತಿರಲಿಲ್ಲ. ಏಕಾದಶಿ ಬಿಡಬೇಡ ಎಂದು ಸಾಯುವಾಗ ಕೈ ಹಿಡಿದು ಹೇಳಿದ್ದ ಅತ್ತೆಗೆ ಹೂಂ ಎಂದಿದ್ದೆ. ಆದರೆ ಗುಳಿಗೆ ಊಟವೇನು? ಅದರಲ್ಲಿ ಉಪ್ಪಿಲ್ಲ, ಖಾರವಿಲ್ಲ. ಹಾಗಾಗಿ ನಿರಾಹಾರದ ದಿನವೂ ನೀರಿನಲ್ಲಿ ನುಂಗಿದೆ. ವ್ರತ ಕೆಡಲಿಲ್ಲ ಎಂದು ಬೀಗಿದೆ ಕೂಡ.

ಹೊಟ್ಟೆ ಉರಿಯತೊಡಗಿತು. ಕೆಂಪು ಚಟ್ನಿಯ ಮೇಲೆ ತಪ್ಪು ಹೊರಿಸಿದೆ. ಕಾಲು ಬಾತುಕೊಂಡವು. ಸೆಕೆಯ ಮೇಲೆ ಹೊರಿಸಿದೆ.

ಆಮೇಲೆ ಮಲ ಡಾಂಬರಿನಂತೆ ಕಪ್ಪಾಯಿತು.

ಅದನ್ನು ಯಾರ ಮೇಲೆ ಹೊರಿಸಬೇಕೋ ತಿಳಿಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಎರಡು ದಿನ ಬಿಟ್ಟು ಏಕಾದಶಿ. ಪಾರ್ವತಕ್ಕನ ಖೋಲಿಯಲ್ಲಿ ನಮ್ಮ ಹೆಂಗಸರ ಭಜನೆ. ಆರತಿಗೆ ಎದ್ದು ನಿಂತೆ. ಮೈಯೆಲ್ಲ ತಣ್ಣನೆ ಬೆವರಿತು, ಕಣ್ಣು ಕತ್ತಲಿಟ್ಟಿತು. ಬಿದ್ದೆ.

ನನ್ನ ಮೈಮೇಲೆ ದೇವರು ಬಂದನೆಂದು ತಿಳಿದರು ಪುಣ್ಯಾತ್ಮರು!

ಕಣ್ಣು ತೆರೆದರೆ ಹಣೆತುಂಬ ಕುಂಕುಮ. ಸುತ್ತ ಕೈಮುಗಿದು ಕೂತ ಹೆಂಗಸರು. ಪಾರ್ವತಕ್ಕ ಸೆರಗೊಡ್ಡಿ ಕೇಳುತ್ತಿದ್ದಳು, "ಯವ್ವಾ ತಾಯಿ, ನನ್ನ ಮಗನ ಲಗ್ನ ಯಾವಾಗ ಆಗತೈತಿ, ಹೇಳವ್ವಾ."

"ಮೊದಲ ನೀರ ಕೊಡ್ರೇ, ಸಾಯಾಕತ್ತೀನಿ" ಎಂದೆ. ಆಗ ಅವರಿಗೆ ಗಾಬರಿಯಾಯಿತು. ವಿದ್ಯಾಳಿಗೆ ಫೋನ್ ಹೋಯಿತು.

ಪರೇಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ರಕ್ತ ತೀರಾ ಕಡಿಮೆಯಾಗಿತ್ತು, ರಕ್ತದ ಬಾಟಲಿ ಏರಿಸಿದರು. ಬಾಯೊಳಗಿಂದ ನಳಿಕೆ ಬಿಟ್ಟು ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯಲ್ಲಿ ಅಲ್ಸರ್ ಆಗಿ ರಕ್ತ ಒಸರುತ್ತಿತ್ತು. ಕಿಡ್ನಿಯ ರಿಪೋರ್ಟೂ ಸರಿಯಿಲ್ಲ, ಬಿಪಿಯೂ ಏರಿದೆ ಎಂದರು.

ಡಾಕ್ಟರು ಮರಾಠಿ ಹುಡುಗಿ, ನನ್ನ ವಿದ್ಯಾಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. "ಮಾವಶಿ, ಗೋಲಿ ಖಾಲಿ ಪೇಟ್ ಲೇತೀ ಥೀ ಕ್ಯಾ?" ಎಂದು, ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗುತ್ತಿದ್ದೆನೇ ಎಂದು ಕೇಳಿದಳು.

"ಉಪವಾಸ್ ಥಾ ನಾ" ಎಂದೆ.

ಅವಳು ಹಣೆ ಹಣೆ ಬಡಿದುಕೊಳ್ಳಲಿಲ್ಲ, ಅದೊಂದು ಒಳ್ಳೆಯ ಗುಣ. ಮಂಚದ ಅಂಚಿಗೆ ಕೂತು ತಿಳಿಸಿ ಹೇಳಿದಳು. ಕೀಲಿನ ಊತ ಇಳಿಸುವ ಈ ಔಷಧಿಯೇ ಹೊಟ್ಟೆಯ ಒಳಪದರದ ಕಾವಲನ್ನೂ ತೆಗೆದುಬಿಡುತ್ತದೆ. ನನ್ನ ಎರಡು ಗುಳಿಗೆಗಳ ಹೆಸರು ಬೇರೆಯಾದರೂ ಜಾತಿ ಒಂದೇ, ಅಂದರೆ ನಾನು ನುಂಗುತ್ತಿದ್ದದ್ದು ದುಪ್ಪಟ್ಟು. ಮೇಲೆ ಮೊದಲಿನಿಂದಲೂ ನುಂಗುತ್ತಿದ್ದ ಬಿಪಿ ಗುಳಿಗೆ ಬೇರೆ. ಬೆಂಕಿಯ ಮುಂದೆ ನೀರೂ ಕುಡಿಯದೆ ಕೂತರೆ ಕಿಡ್ನಿ ಏನು ಮಾಡಬೇಕು? ಸದ್ಯ ಬೇಗ ಬಂದಿರಿ, ಸುಧಾರಿಸುತ್ತದೆ ಎಂದಳು.

ವಿದ್ಯಾ ಅಳುತ್ತಲೇ ತೀರ್ಪು ಕೊಟ್ಟಳು. "ಅವ್ವಾ, ಬಸ್ ಆತು. ರೊಟ್ಟಿ ಬಂದ್. ನಾನು ಕಮಾಯಿ ಮಾಡತೀನಲ್ಲ? ಆರಾಮ್ ಸೇ ಟೀವಿ ನೋಡ್ಕೋತ ಕೂಡು."

ನನಗೆ ಸಿಟ್ಟು ನೆತ್ತಿಗೇರಿತು. ಕೈಗೆ ಸಲೈನ್ ಚುಚ್ಚಿದ್ದರು, ಇಲ್ಲದಿದ್ದರೆ ಎದ್ದೇ ಬಿಡುತ್ತಿದ್ದೆ.

"ನಾ ಏನ್ ಗೂಟಕ್ಕ ಕಟ್ಟಿದ ಎಮ್ಮೀನ? ಹೊಟ್ಟಿ ತೂತಾದರ ಹೊಲಿಸ್ಕೋತೀನಿ. ಕೈ ಗಟ್ಟಿ ಅದಾವಿಲ್ಲೋ?"

ಅವಳಿಗೆ ಅದು ಹಟದಂತೆ ಕಂಡಿತು. ಹಟವೇ. ಆದರೆ ಆ ರಾತ್ರಿಯೆಲ್ಲ ನನ್ನನ್ನು ಕಾಡಿದ್ದು ಸಾವಲ್ಲ. ಒಲೆ ಆರಿದ ಮೇಲೆ ಈ ಊರಿನಲ್ಲಿ ನಾನು ಯಾರು, ಬೆಳಗ್ಗೆ ಬಾಗಿಲಲ್ಲಿ ನಿಂತು ಅಕ್ಕಾ ಎಂದು ಯಾರು ಕೂಗುತ್ತಾರೆ, ಯಾವ ಕಾರಣಕ್ಕೆ ಹಾಸಿಗೆ ಬಿಟ್ಟು ಏಳಲಿ ಎಂಬ ಹೆದರಿಕೆ ಎದೆಯ ಮೇಲೆ ಕೂತಿತ್ತು. ಹೌದು, ಹೆದರಿದ್ದೆ. ಹೆದರಿದಾಗ ನನಗೆ ಸಿಟ್ಟೇ ಬರುವುದು.

ಮರುದಿನ ಡಾಕ್ಟರಿಗೆ ಹೇಳಿದೆ. "ರೊಟ್ಟಿ ಬಿಡು ಅಂತ ಮಾತ್ರ ಹೇಳಬೇಡ. ಹೆಂಗೆ ಬಡಿಯಬೇಕು ಅದನ್ನು ಹೇಳು."

ಅವಳು ನಕ್ಕಳು. ಆಮೇಲೆ ಹೇಳಿದಳು. ಹೊಟ್ಟೆ ಮಾಯುವವರೆಗೆ ಆ ಜಾತಿಯ ಗುಳಿಗೆ ಒಂದೂ ಇಲ್ಲ. ನೆಲದ ಮೇಲೆ ಕೂರುವುದು ಬಿಡಬೇಕು, ಒಲೆಯನ್ನು ಕಟ್ಟೆಗೆ ಏರಿಸಬೇಕು, ಸ್ಟೂಲು ಹಾಕಿಕೊಳ್ಳಬೇಕು. ತೊಡೆಗೆ ವ್ಯಾಯಾಮ. ನೋವಿದ್ದರೆ ಬೇರೆ ಸಾದಾ ಗುಳಿಗೆ, ಅದೂ ಅವಳು ಹೇಳಿದಷ್ಟೇ. ಎಲ್ಲ ಮಾಯ್ದ ಮೇಲೆ ಮೊಣಕಾಲು ತೀರಾ ಊದಿದರೆ ಅವಳನ್ನೇ ಕೇಳಬೇಕು. ಅವಳು ಸರಿ ಅಂದರೆ ಮಾತ್ರ, ಒಂದೇ ಬಗೆಯದು, ಚಿಕ್ಕ ಡೋಸು, ಕೆಲವೇ ದಿನ. ಜೊತೆಗೆ ಹೊಟ್ಟೆ ಕಾಯುವ ಕ್ಯಾಪ್ಸೂಲು, ಹೊಟ್ಟೆತುಂಬ ಊಟ. ಮಲ ಕಪ್ಪಾದರೆ ಯಾರನ್ನೂ ಕೇಳದೆ ಓಡಿ ಬರಬೇಕು.

ಈ ಸಲ ಎಲ್ಲವೂ ಕಿವಿಗೆ ಬಿತ್ತು.

ಒಲೆ ಕಟ್ಟೆಗೇರಿತು. ವಿದ್ಯಾ ಮೂರು ದಿನ ಮುಖ ಊದಿಸಿದಳು, ನಾಲ್ಕನೆಯ ದಿನ ತಾನೇ ಎತ್ತರದ ಸ್ಟೂಲು ಹೊತ್ತು ತಂದಳು. ಪಾರ್ವತಕ್ಕ ಒಂದು ಪುಡಿ ತಂದಳು. "ಇದನ್ನ ತಗೋ, ಇದರಾಗ ಏನೂ ಇಲ್ಲ, ಬರೇ ಗಿಡಮೂಲಿಕಿ."

"ಏನೂ ಇಲ್ಲಂದ್ರ ಯಾಕ ತಿನ್ನಲಿ?" ಎಂದು ವಾಪಸು ಕೊಟ್ಟೆ. ಒಳಗೇನಿದೆಯೋ ತಿಳಿಯದ್ದನ್ನು ನುಂಗುವ ಕಾಲ ನನಗೆ ಮುಗಿದಿತ್ತು. ಅಲ್ಸರ್ ಮಾಯಿತು, ಕಿಡ್ನಿಯ ರಿಪೋರ್ಟೂ ಸರಿಹೋಯಿತು. ಆ ಡಾಕ್ಟರ್ ಹುಡುಗಿಗೆ ಒಂದು ಬುಟ್ಟಿ ಗರಿಗರಿ ಕಟಕ ರೊಟ್ಟಿ ಒಯ್ದು ಕೊಟ್ಟೆ.

ಮೊನ್ನೆ ಮಳೆ ಹಿಡಿದ ಮೇಲೆ ಮೊಣಕಾಲು ಮತ್ತೆ ಊದಿತು. ಪರೇಲಿಗೆ ಹೋಗಿ ತೋರಿಸಿದೆ. ಕೆಲವು ದಿನಕ್ಕೆ ಗುಳಿಗೆ ಬರೆದಳು. ಹೊಟ್ಟೆತುಂಬ ಉಂಡು ತಗೊಳ್ಳಿ, ತಪ್ಪಿಸಿದರೆ ನನ್ನ ಬಳಿ ಬರಬೇಡಿ ಎಂದು ಗದರಿದಳು. ಆ ದಿನಗಳ ನಡುವೆಯೇ ಬಂತು ಆಷಾಢ ಏಕಾದಶಿ. ವರ್ಷದ ದೊಡ್ಡ ಏಕಾದಶಿ.

ಹಿಂದಿನ ದಿನವೆಲ್ಲ ಅತ್ತೆಯ ಕೈ ನನ್ನ ಕೈಯಲ್ಲಿ ಇದ್ದಂತೆಯೇ ಇತ್ತು. ವ್ರತ ಬಿಡಲೇ, ಗುಳಿಗೆ ಬಿಡಲೇ? ಗುಳಿಗೆ ಬಿಟ್ಟರೆ ಸ್ಟೂಲಿನ ಮೇಲೂ ಕೂರಲಾಗದು.

ಬೆಳಗ್ಗೆ ಎದ್ದು ಹೊಟ್ಟೆ ಕಾಯುವ ಕ್ಯಾಪ್ಸೂಲು ತೆಗೆದುಕೊಂಡೆ. ಸ್ನಾನ, ಪೂಜೆ ಮುಗಿಸಿ ಹಂಚು ಇಟ್ಟೆ. ಮೊದಲ ರೊಟ್ಟಿ ಚೆನ್ನಾಗಿ ಉಬ್ಬಿತು. ಅದನ್ನು ಬುತ್ತಿಗೆ ಹಾಕಲಿಲ್ಲ. ತಾಟಿಗೆ ಹಾಕಿಕೊಂಡೆ, ಪಲ್ಯ ಬಡಿಸಿಕೊಂಡೆ, ಮುರಿದು ಬಾಯಿಗಿಟ್ಟೆ. ಇಷ್ಟು ವರ್ಷ ರೊಟ್ಟಿ ಬಡಿದರೂ ಹಂಚಿನಿಂದ ಇಳಿದ ಮೊದಲ ರೊಟ್ಟಿಯ ರುಚಿ ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪಾರ್ವತಕ್ಕ ಬಾಗಿಲಲ್ಲಿ. ಕೊರಳಲ್ಲಿ ತುಳಸಿಮಾಲೆ, ಕೈಯಲ್ಲಿ ತಾಳ.

"ಶಾರದಾ! ಇವತ್ತ ಏಕಾದಶಿ, ಖಬರ್ ಐತಿಲ್ಲೋ?"

"ಐತಿ" ಎಂದು ಇನ್ನೊಂದು ತುತ್ತು ಮುರಿದೆ.

"ಪಾಂಡುರಂಗ ಏನಂದಾನ?"

"ಏನಂತಾನ? ಅವ ಇಟ್ಟಂಗಿ ಮ್ಯಾಲ ನಿಂತು ಎಷ್ಟ ಯುಗ ಆತು. ಮೊಣಕಾಲ ನೋವು ಅವನಿಗೆ ಗೊತ್ತಿರದ ಯಾರಿಗೆ ಗೊತ್ತಿರತೈತಿ?"

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೊಂಟ ಹಿಡಿದುಕೊಂಡು ಒಳಗೆ ಬಂದಳು. ತಾಳ ಕೆಳಗಿಟ್ಟಳು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿ ಹೇಳಿದಳು.

"ನಾನೂ ಬೆಳಿಗ್ಗೆ ಗುಳಿಗಿ ನುಂಗೀನಿ. ಬರೇ ಹೊಟ್ಟ್ಯಾಗ. ಹೊಟ್ಟಿ ಉರಿಯಾಕತ್ತೈತಿ... ನನಗೂ ಅರ್ಧ ಮುರಿಯವ್ವಾ."

"ಅರ್ಧ ಯಾಕ? ಇಡೀದು ತಿನ್ನು. ನಾಳೆ ಪರೇಲಿಗೆ ನನ್ನ ಕೂಡ ಬಾ."

ಎರಡನೆಯ ರೊಟ್ಟಿ ಅವಳ ಕೈಗೆ ಹಾಕಿದೆ. ನನ್ನ ಗುಳಿಗೆ ನುಂಗಿ, ಚೊಂಬಿನ ನೀರೆಲ್ಲ ಕುಡಿದೆ. ಹೊರಗೆ ಹುಡುಗರು ಅಕ್ಕಾ, ಅಕ್ಕಾ ಎಂದು ಕೂಗತೊಡಗಿದ್ದರು.

"ತಡೀರೋ, ನಂದು ಈಗ ಊಟ ಆತು" ಎಂದು ಕೂಗಿ ಹೇಳಿ, ಮುಂದಿನ ರೊಟ್ಟಿಗೆ ಹಿಟ್ಟು ನಾದಿದೆ.